ತಟ್ಟೆಯ ಮುಂದಿನ ಬಾವುಟ

ಎರಡನೆಯ ತುತ್ತು ಗಂಟಲಿಳಿಯುವಾಗಲೇ ಅವನಿಗೆ ಅನುಮಾನ ಬಂತು. ಇದು ಇಷ್ಟು ರುಚಿಯಾಗಿರಬಾರದು.

ಬನ್ನಿನ ಮೇಲ್ಪದರ ಹಲ್ಲಿಗೆ ಸಿಕ್ಕು ಕರುಮ್ಮೆಂದಿತ್ತು. ಒಳಗೆ ಮೆತ್ತಗೆ, ಎಳೆದರೆ ಎಳೆಎಳೆಯಾಗಿ ಬಿಡಿಸಿಕೊಳ್ಳುವಂಥದ್ದು. ಅವನ ಪಾಲಿನ ಬನ್ನು ಯಾವತ್ತೂ ಹೀಗೆ ಬಿಡಿಸಿಕೊಂಡದ್ದಿಲ್ಲ. ಅಕ್ಕಿಹಿಟ್ಟು, ಜೋಳದ ಹಿಟ್ಟು, ಜೊತೆಗೆ ಯಾವುದೋ ಗೆಡ್ಡೆಯ ಹಿಟ್ಟು ಕಲಸಿ ಮಾಡಿದ ಅದು ಬಾಯಿಗೆ ಹೋದ ಕೂಡಲೇ ಪುಡಿಯಾಗಿ, ನೀರು ಕುಡಿದರೂ ಅಂಗುಳು ಬಿಡದೆ ಕೂತಿರುತ್ತಿತ್ತು. ಇದು ಗೋಧಿ. ಸಂಶಯವೇ ಇಲ್ಲ, ಗೋಧಿ. ಅವನು ಮೂರನೆಯ ತುತ್ತು ಮುರಿದ.

ಎದುರಿಗೆ ಕೂತ ಅತ್ತೆ ತಮ್ಮ ಹುಟ್ಟುಹಬ್ಬದ ಹೊಸ ಕನ್ನಡಕ ಸರಿಮಾಡಿಕೊಳ್ಳುತ್ತಿದ್ದರು. ಪಕ್ಕದಲ್ಲಿ ಹೆಂಡತಿ ಅಮ್ಮನಿಗೆ ಮೀನಿನ ಮುಳ್ಳು ಬಿಡಿಸಿ ಕೊಡುತ್ತಿದ್ದಳು. ಅವನು ತಲೆ ತಗ್ಗಿಸಿ, ಕದ್ದವನ ಹಾಗೆ, ಬನ್ನನ್ನು ಪೂರ್ತಿ ಮುಗಿಸಿದ. ಮೇಜಿನ ಮೇಲೆ ಬಿದ್ದ ಚೂರನ್ನೂ ಬೆರಳಿಗೆ ಒತ್ತಿ ನೆಕ್ಕಿದ.

ಆ ಹಡಗಿನ ಊಟದ ಕೋಣೆಯಲ್ಲಿ ಒಂದು ಪದ್ಧತಿಯಿತ್ತು. ಯಾರಿಗೆ ಏನು ಆಗದೋ ಅವರ ತಟ್ಟೆಯ ಮುಂದೆ ಒಂದು ಪುಟ್ಟ ಬಾವುಟ ನಿಲ್ಲಿಸುತ್ತಿದ್ದರು. ಮರದ ಬಿಲ್ಲೆಗೆ ಸಿಕ್ಕಿಸಿದ ಕಡ್ಡಿ, ಕಡ್ಡಿಗೆ ಅಂಟಿಸಿದ ಹಳದಿ ಕಾಗದ. ಹಳದಿ ಅಂದರೆ ಗ್ಲೂಟೆನ್ ಇಲ್ಲದ ಊಟ. ಗೋಧಿ, ಮೈದಾ ಹತ್ತಿರ ಸುಳಿಯಬಾರದು. ಸಾವಿರಾರು ಜನ ಉಣ್ಣುವ ಜಾಗ. ಬಡಿಸುವವರು ಮುಖ ನೋಡುವುದಿಲ್ಲ, ಬಾವುಟ ನೋಡಿ ತಟ್ಟೆ ಇಡುತ್ತಾರೆ. ಪ್ರಯಾಣದ ಮೊದಲ ದಿನವೇ ಭಾವಮೈದುನ ಅದನ್ನು ಕಂಡು ಇಡೀ ಕೋಣೆಗೆ ಕೇಳುವಂತೆ ನಕ್ಕಿದ್ದ. "ನಮ್ಮ ಭಾವ ಅಂದ್ರೆ ಏನಂದ್ಕೊಂಡ್ರಿ? ಒಂದು ಪ್ರತ್ಯೇಕ ದೇಶ! ಬಾವುಟ ಇದೆ, ಗಡಿ ಇದೆ. ಒಳಗೆ ಹೋಗ್ಬೇಕು ಅಂದ್ರೆ ನಮ್ಮಕ್ಕನ ಹತ್ರ ಪರವಾನಗಿ ತಗೋಬೇಕು."

ಆಗ ಎಲ್ಲರೂ ನಕ್ಕಿದ್ದರು. ಅವನೂ ನಕ್ಕಿದ್ದ. ಕಾಲೆಳೆಸಿಕೊಂಡು ನಗುವುದು ಅವನಿಗೆ ಅಭ್ಯಾಸವಾಗಿತ್ತು.

ಈ ಬೆಳಿಗ್ಗೆ ಆದದ್ದು ಇಷ್ಟು. ಅತ್ತೆಗೆ ಎಪ್ಪತ್ತೈದು ತುಂಬಿತೆಂದು ತಿಂಡಿಯ ಹೊತ್ತಿಗೇ ಹಡಗಿನ ಫೋಟೋದವನು ಬಂದ. "ಅಮ್ಮ ನಡುವೆ ಇರಲಿ. ಎತ್ತರದವರು ಹಿಂದೆ. ಮಗ ಪಕ್ಕಕ್ಕೆ ಬನ್ನಿ. ಆ ಬಾವುಟ ತೆಗೀರಿ ಸಾರ್, ಅಡ್ಡ ಬರ್ತಿದೆ." ಭಾವಮೈದುನ ಬಾವುಟ ಎತ್ತಿ ಕೈಯಲ್ಲಿ ಹಿಡಿದುಕೊಂಡ. ಫೋಟೋ ಆಯಿತು. ನಿಂತವರು ನಿಂತಲ್ಲೇ ಹತ್ತಿರ ಸಿಕ್ಕ ಕುರ್ಚಿಯಲ್ಲಿ ಕೂತರು. ಭಾವಮೈದುನ ಕೈಯಲ್ಲಿದ್ದುದನ್ನು ತನ್ನ ಮುಂದೆಯೇ ಊರಿ, ಮಾತಿನಲ್ಲಿ ಮುಳುಗಿದ. ತಿಂಡಿ ಬಂತು.

"ಥೂ! ಏನ್ರೀ ಇದು!" ಭಾವಮೈದುನ ಬಾಯಲ್ಲಿದ್ದುದನ್ನು ಕರವಸ್ತ್ರಕ್ಕೆ ಉಗಿದ. ಅವನದು ನೆಲಹಾಸು ಕಲ್ಲಿನ ಅಂಗಡಿ. "ಬನ್ನೋ, ನಮ್ಮಂಗಡಿ ಸಿಮೆಂಟೋ? ಹುಟ್ಟುಹಬ್ಬದ ದಿನ ಇಂಥದ್ದನ್ನ ಕೊಡ್ತಾರಾ ಯಾರಾದ್ರೂ?"

ಹೆಂಡತಿಯ ಕೈ ಮೀನಿನ ಮೇಲೆ ನಿಂತಿತು. ಅವಳು ತಮ್ಮನ ಮುಂದಿದ್ದ ಬಾವುಟ ನೋಡಿದಳು. ಆಮೇಲೆ ಗಂಡನ ತಟ್ಟೆ ನೋಡಿದಳು. ತಟ್ಟೆ ತೊಳೆದಿಟ್ಟಷ್ಟು ಸ್ವಚ್ಛವಾಗಿತ್ತು.

"ತಿಂದುಬಿಟ್ರಾ?"

"ಹ್ಞೂ."

"ಪೂರ್ತಿ?"

"ಪೂರ್ತಿ."

"ಗೊತ್ತಾಗ್ಲಿಲ್ವಾ ನಿಮಗೆ?"

"ಇಲ್ಲ," ಎಂದ ಅವನು.

ಆಮೇಲಿನದನ್ನು ಕೇಳಬೇಡಿ. ಬಡಿಸುವವನು ಓಡಿಬಂದ, ಅವನ ಮೇಲಿನವನು ಓಡಿಬಂದ, ಇಬ್ಬರೂ ಕೈಮುಗಿದರು. ಅತ್ತೆ "ಅಯ್ಯೋ, ನನ್ನ ಹುಟ್ಟಿದ ದಿನಾನೇ ಆಗ್ಬೇಕಿತ್ತಾ ಇದು" ಎಂದು ಕಣ್ಣೊರೆಸಿಕೊಂಡರು. ಭಾವಮೈದುನ ಹಣೆ ಚಚ್ಚಿಕೊಂಡ. "ತಪ್ಪು ನಂದೇ ಭಾವ. ನನ್ನ ಕೈಯಾರೆ ವಿಷ ಹಾಕಿದ ಹಾಗಾಯ್ತು." ಹಡಗಿನವರು ತಮ್ಮ ವೈದ್ಯರನ್ನು ಕರೆಯಲೇ ಎಂದು ಕೇಳಿದರು. ಹೆಂಡತಿ ಬೇಡವೆಂದಳು. "ನನಗೆ ಗೊತ್ತು. ಇನ್ನೆರಡು ಗಂಟೆಯಲ್ಲಿ ಶುರುವಾಗುತ್ತೆ. ಮೊದಲು ಹೊಟ್ಟೆ ಹಿಂಡುತ್ತೆ, ಆಮೇಲೆ ಚಳಿ. ಏಳಿ, ಮಲಗಬೇಕು ನೀವು." ಹೊರಡುವಾಗ ಆ ಬಾವುಟವನ್ನು ಎತ್ತಿ ತನ್ನ ಕೈಚೀಲಕ್ಕೆ ಹಾಕಿಕೊಂಡಳು. ಇನ್ನು ಯಾರ ಕೈಗೂ ಅದು ಸಿಗಬಾರದೆಂಬಂತೆ.

ಅವಳು ಅಷ್ಟು ಸರಸರನೆ ನಡೆದದ್ದನ್ನು ಅವನು ಎಷ್ಟೋ ದಿನದಿಂದ ನೋಡಿರಲಿಲ್ಲ.

ಕ್ಯಾಬಿನ್ನು ಹಡಗಿನ ಕೆಳಗಿನ ಅಂತಸ್ತಿನಲ್ಲಿತ್ತು. ಎರಡು ಮಂಚ, ಕೈಯಗಲದ ದುಂಡು ಕಿಟಕಿ, ಗೋಡೆಗೆ ತಿರುಪು ಹಾಕಿ ಬಿಗಿದ ಮೇಜು. ಅವಳು ಕೆಟಲಿನಲ್ಲಿ ನೀರು ಕಾಯಿಸಿ ರಬ್ಬರಿನ ಚೀಲಕ್ಕೆ ತುಂಬಿದಳು, ಟವಲು ಸುತ್ತಿದಳು, ಅವನ ಅಂಗಿಯ ಗುಂಡಿ ಬಿಚ್ಚಿದಳು, ಹಣೆ ಮುಟ್ಟಿ ನೋಡಿದಳು. ಮುಖದಲ್ಲಿ ಗಾಬರಿಯಿತ್ತು. ಗಾಬರಿಯ ಕೆಳಗೆ ಇನ್ನೇನೋ ಇತ್ತು. ಗೆಲುವು ಎಂದರೂ ತಪ್ಪಾಗಲಾರದು. ಅವಳ ಕೆಲಸ ಮಾತು ಬಾರದ ಮಕ್ಕಳಿಗೆ ಮಾತು ಕಲಿಸುವುದು. ಹಗಲೆಲ್ಲ ಕಲಿಸಿ ಮನೆಗೆ ಬರುವಷ್ಟರಲ್ಲಿ ಅವಳಲ್ಲಿ ಮಾತು ಮಿಗುತ್ತಿರಲಿಲ್ಲ. ಮಿಕ್ಕ ಚೂರುಪಾರೂ ಹಿಟ್ಟಿನ ಬಗ್ಗೆ, ಪಾತ್ರೆಯ ಬಗ್ಗೆ. "ಆ ಸೌಟು ಮುಟ್ಟಬೇಡಿ." "ಈ ಸೂಪಿಗೆ ಮೈದಾ ಹಾಕಿರ್ತಾರೆ." ಗಂಡಹೆಂಡಿರ ಮಾತು ಅಷ್ಟಕ್ಕೇ ನಿಂತಿತ್ತು. ಅದಾದರೂ ಇತ್ತಲ್ಲ ಎಂದುಕೊಂಡು ಅವನು ಬದುಕಿದ್ದ.

"ಶುರುವಾಯ್ತಾ?"

"ಇನ್ನೂ ಇಲ್ಲ."

"ಆಗುತ್ತೆ. ಮಾತಾಡ್ಬೇಡಿ, ಸುಮ್ನೆ ಮಲಗಿ."

ಅವನು ಕಣ್ಣು ಮುಚ್ಚಿ ನೋವಿಗಾಗಿ ಕಾದ.

ಕಾಯುವುದು ಅವನಿಗೆ ಹೊಸದಲ್ಲ. ಹಳೆಯ ಸೇತುವೆಗಳನ್ನು ಪರೀಕ್ಷಿಸುವ ಇಂಜಿನಿಯರು ಅವನು. ಸೇತುವೆ ಗಟ್ಟಿಯೋ ಅಲ್ಲವೋ ಎಂದು ಬರೀ ಕಣ್ಣಲ್ಲಿ ನೋಡಿ ಹೇಳಲಾಗದು. ಮರಳು ತುಂಬಿದ ಲಾರಿಗಳನ್ನು ಮೇಲೆ ಸಾಲಾಗಿ ನಿಲ್ಲಿಸಬೇಕು, ಕೆಳಗೆ ಮುಳ್ಳಿನ ಮಾಪಕ ಕಟ್ಟಿ ಕಾಯಬೇಕು. ಭಾರಕ್ಕೆ ಮುಳ್ಳು ಎಷ್ಟು ಕದಲಿತೆಂಬುದೇ ಉತ್ತರ. ಕಂಟ್ರಾಕ್ಟರುಗಳು ಪಕ್ಕದಲ್ಲಿ ಉಸಿರು ಬಿಗಿಹಿಡಿದು ನಿಂತಿರುತ್ತಾರೆ, ಮುಳ್ಳು ಕದಲದಿರಲಪ್ಪಾ ಎಂದು. ಕದಲಲಪ್ಪಾ ಎಂದು ಬೇಡಿಕೊಂಡವನನ್ನು ಅವನು ಈವರೆಗೆ ಕಂಡಿರಲಿಲ್ಲ. ಈಗ ಅವನೇ ಬೇಡಿಕೊಳ್ಳುತ್ತಿದ್ದ.

ಊರಿಗೆಲ್ಲ ಪರೀಕ್ಷೆ ಮಾಡುವವನು ತನ್ನ ಹೊಟ್ಟೆಗೆ ಮಾತ್ರ ಪರೀಕ್ಷೆ ಮಾಡಿಸಿಕೊಂಡಿರಲಿಲ್ಲ. ಕಾಯಿಲೆ ಶುರುವಾದಾಗ ವೈದ್ಯರು ಹೇಳಿದ್ದೇನೋ ಹೌದು: "ಸದ್ಯಕ್ಕೆ ಗೋಧಿ ಬಿಟ್ಟು ನೋಡಿ. ಖಚಿತವಾಗಬೇಕಾದರೆ ಮತ್ತೆ ಕೆಲವು ವಾರ ತಿಂದು, ಆಮೇಲೆ ಪರೀಕ್ಷೆ ಮಾಡಬೇಕು." ಹೆಂಡತಿ ಕೆಂಡವಾಗಿದ್ದಳು. "ಗೊತ್ತಿದ್ದೂ ಗೊತ್ತಿದ್ದೂ ನಾನೇ ಕೈಯಾರೆ ಹಾಕ್ಲಾ?" ಗೋಧಿ ಬಿಟ್ಟ. ನೋವು ಹೋಯಿತು. ಅವನು ಹೆಚ್ಚು ಕೇಳಲು ಹೋಗಲಿಲ್ಲ. ಕೇಳದಿರಲು ಅವನಿಗೆ ಕಾರಣವಿತ್ತು, ಆ ಕಾರಣ ಈಗ ಅವಳ ಮಂಚದ ಕೆಳಗಿತ್ತು. ಕಂದುಬಣ್ಣದ, ಗಾಲಿಯಿರುವ ಸೂಟ್‌ಕೇಸು. ಅವಳ ಎಲ್ಲ ಪ್ರಯಾಣಕ್ಕೂ ಅದೇ.

ಒಂಬತ್ತು ವರ್ಷದ ಹಿಂದೆ ಆ ಸೂಟ್‌ಕೇಸು ಅವರ ಮನೆಯ ಮುಂಬಾಗಿಲಲ್ಲಿ ನಿಂತಿತ್ತು. ಬೇರೆ ಊರಲ್ಲಿ ಅವಳಿಗೆ ಒಳ್ಳೆಯ ಕೆಲಸ ಸಿಕ್ಕಿತ್ತು. ಕೆಲಸ ಒಂದು ನೆವ. "ನಾನು ಹೋಗ್ತೀನಿ. ನಿಮ್ಮ ಮೇಲೆ ಕೋಪ ಏನಿಲ್ಲ. ಇಲ್ಲಿ ಉಸಿರು ಕಟ್ಟುತ್ತೆ," ಎಂದಿದ್ದಳು. ಅವನು "ಆಯ್ತು" ಎಂದಿದ್ದ. ಅದೊಂದೇ ಮಾತು. ಹೊರಗೆ ಟ್ಯಾಕ್ಸಿ ಬಂದು ನಿಂತ ಹೊತ್ತಿಗೆ ಅಡುಗೆಮನೆಯಲ್ಲಿ ಅವನು ಹೊಟ್ಟೆಯ ಎಡಭಾಗದಲ್ಲಿ ಚೂರಿ ಹಾಕಿದಂತಾಗಿ ಕುಸಿದ. ಅವಳು ಟ್ಯಾಕ್ಸಿ ಕಳಿಸಿದಳು. ಆಸ್ಪತ್ರೆ, ಗಂಜಿ, ಔಷಧಿ. ಆಮೇಲೆ, ಪರೀಕ್ಷೆಯಿಲ್ಲದೆಯೇ, ಕಾಯಿಲೆಗೊಂದು ಹೆಸರು ಸಿಕ್ಕಿತು. ಸೂಟ್‌ಕೇಸು ಅಟ್ಟಕ್ಕೆ ಹೋಯಿತು. ಅವಳು ಹಿಟ್ಟುಗಳ ಹಿಂದೆ ಬಿದ್ದಳು, ತಾನೂ ಗೋಧಿ ಬಿಟ್ಟಳು. "ಒಂದೇ ಮನೇಲಿ ಎರಡೆರಡು ಅಡುಗೆ ಯಾಕೆ?" ನೆಂಟರಿಷ್ಟರೆಲ್ಲ ಕೊಂಡಾಡಿದರು: ಗಂಡನನ್ನ ಅಂಗೈಯಲ್ಲಿಟ್ಟು ಸಾಕ್ತಾಳೆ.

ಈಗ ಆ ನೋವು ಬರಲೇಬೇಕಿತ್ತು. ಬರದಿದ್ದರೆ ಅವಳು ಒಂಬತ್ತು ವರ್ಷ ಯಾತಕ್ಕೆ ನಿಂತಳು? ಇನ್ನು ಮುಂದೆ ಯಾತಕ್ಕೆ ನಿಂತಾಳು? ಅವನಿಗೆ ನಿಜಕ್ಕೂ ಹೆದರಿಕೆಯಾಯಿತು. ನೋವು ಬರದೆಯೂ ಒಳಗೆ ಕೆಡಬಹುದು ಎಂದು ವೈದ್ಯರು ಹೇಳಿದ್ದು ನೆನಪಿಗೆ ಬಂತು. ಅದರಿಂದ ಕೊಂಚ ಸಮಾಧಾನವಾಯಿತು. ಒಳಗೆ ಕೆಡುತ್ತಿದೆ ಎಂದು ಸಮಾಧಾನಪಟ್ಟುಕೊಳ್ಳುವ ಸ್ಥಿತಿಗೆ ಬಂದೆನಲ್ಲ ಎಂದು ನಗುವೂ ಬಂತು.

"ಯಾಕೆ ನಗ್ತೀರಿ?"

"ಏನಿಲ್ಲ."

ಗೋಡೆಯ ಸ್ಪೀಕರಿನಲ್ಲಿ ಕ್ಯಾಪ್ಟನ್ನು ಮಾತಾಡಿದ. ಬಂದರಿನಲ್ಲಿ ನಾಳೆ ಬೆಳಗಿನವರೆಗೆ ಜಾಗ ಇಲ್ಲ. ಅಲ್ಲಿಯವರೆಗೆ ಹಡಗು ಇಲ್ಲೇ ನಿಧಾನವಾಗಿ ಸುತ್ತು ಹಾಕುತ್ತಿರುತ್ತದೆ. ಪ್ರಯಾಣಿಕರು ದಿನವನ್ನು ಸಂತೋಷವಾಗಿ ಕಳೆಯಬೇಕು. ಬಿಸಿಲಿನ ಬಿಲ್ಲೆಯೊಂದು ಅವಳ ಮಂಚದಿಂದ ನಿಧಾನವಾಗಿ ಅವನ ಮಂಚಕ್ಕೆ ಬಂದು, ಗೋಡೆ ಹತ್ತಿ, ಮಾಯವಾಯಿತು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಅವಳ ಮಂಚದ ಮೇಲೆ ಕಾಣಿಸಿತು.

ಅವಳು ಎಲ್ಲಿಗೂ ಹೋಗಲಿಲ್ಲ. ಮಧ್ಯಾಹ್ನ ಅತ್ತೆಗಾಗಿ ಹಾಡಿನ ಕಾರ್ಯಕ್ರಮವಿತ್ತು, ಅದಕ್ಕೂ ಹೋಗಲಿಲ್ಲ. ಅವನ ಅಂಗೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು ಕೂತಿದ್ದಳು. ಕೈ ಬೆಚ್ಚಗಿತ್ತು. ಹೀಗೆ ಕೂತು ಎಷ್ಟು ಕಾಲವಾಯಿತು! ದಿನಾ ಒಂದು ಬನ್ನು ತಿನ್ನಬಹುದಿತ್ತು ಎಂದು ಅವನಿಗೆ ಅನ್ನಿಸಿತು.

ಆಗ ಅವನ ಹೊಟ್ಟೆ ಗುರ್ರೆಂದಿತು.

ಅವಳು ಥಟ್ಟನೆ ಬಾಗಿದಳು. "ಬಂತಾ?"

"ಇಲ್ಲ..." ಬಾಯಿ ತಪ್ಪಿ ನಿಜ ಹೊರಬಿತ್ತು. "ಹಸಿವು."

"ಹಸಿವಾ?"

ಅವಳು ಅವನ ಕೈಯನ್ನು ಹಾಸಿಗೆಯ ಮೇಲಿಟ್ಟಳು. ಬಿಟ್ಟಳು ಎನ್ನುವಂತಿರಲಿಲ್ಲ, ಯಾರದೋ ಮನೆಯ ವಸ್ತುವನ್ನು ಜೋಪಾನವಾಗಿ ಇದ್ದಲ್ಲಿಗೇ ಇಟ್ಟ ಹಾಗಿತ್ತು. ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತಳು.

"ಇಷ್ಟೊತ್ತಿಗೆ ಬರಬೇಕಿತ್ತು," ಎಂದಳು.

"ಬರಬಹುದು. ಒಂದೊಂದ್ಸಲ ತಡ ಆಗುತ್ತೆ."

"ಯಾವಾಗ ತಡ ಆಗಿತ್ತು?"

ಅವನು ಹೊದಿಕೆ ಎಳೆದುಕೊಂಡ. ಅವಳು ತಿರುಗದೆಯೇ, ಹೊರಗಿನ ನೀರಿಗೆ ಹೇಳುವಂತೆ ಹೇಳಿದಳು.

"ಆವತ್ತು ಆ ಟ್ಯಾಕ್ಸಿಯವನು ತುಂಬಾ ಹೊತ್ತು ಕಾದ, ಪಾಪ."

ಇಷ್ಟು ವರ್ಷದಲ್ಲಿ ಅವಳು ಆ ದಿನದ ಸುದ್ದಿ ಎತ್ತಿದ್ದು ಇದೇ ಮೊದಲು. ಏನಾದರೂ ಹೇಳಬೇಕಲ್ಲ. ತಾನೂ ಮರೆತಿಲ್ಲವೆಂದು ತೋರಿಸಬೇಕಲ್ಲ.

"ಹ್ಞೂ. ಒಂದೇ ಸಮ ಹಾರ್ನ್ ಬಾರಿಸ್ತಿದ್ದ."

ಅವಳು ತಿರುಗಿದಳು.

"ನಿಮಗೆ ಕೇಳಿಸ್ತಿತ್ತಾ?"

ಕ್ಯಾಬಿನ್ನಿನ ಗೋಡೆಯೊಳಗೆ ಎಲ್ಲೋ ಯಂತ್ರ ಗುಂಯ್‌ಗುಟ್ಟುತ್ತಿತ್ತು.

"ನಿಮಗೆ ಎಚ್ಚರ ಇರ್ಲಿಲ್ಲ ಆವತ್ತು. ಎಷ್ಟು ಅಲ್ಲಾಡಿಸಿದ್ರೂ ಕಣ್ಣು ಬಿಡ್ಲಿಲ್ಲ ನೀವು. ಆಸ್ಪತ್ರೆಗೆ ಹೋದ ಮೇಲೇ ಎಚ್ಚರ ಆಗಿದ್ದು."

"ನೀನೇ ಯಾವಾಗಲೋ ಹೇಳಿದ್ದೆ, ಹಾರ್ನ್ ವಿಷಯ."

"ನಾನು ಹೇಳಿಲ್ಲ."

ನೋವು ಸುಳ್ಳಾಗಿರಲಿಲ್ಲ. ಅದನ್ನು ಅವನು ಯಾರ ಮುಂದೆ ಬೇಕಾದರೂ ಎದೆ ತಟ್ಟಿ ಹೇಳಬಲ್ಲ. ಕಣ್ಣು ಮಾತ್ರ ತೆರೆಯಬಹುದಿತ್ತು. ತೆರೆದರೆ ಬಾಗಿಲಲ್ಲಿ ಆ ಸೂಟ್‌ಕೇಸು ಕಾಣುತ್ತಿತ್ತು. ಅವಳು ಹೆಸರು ಹಿಡಿದು ಕೂಗುತ್ತಿದ್ದಳು, ಅಳುತ್ತಿದ್ದಳು, ಅವನ ತಲೆಯನ್ನು ಮಡಿಲಿಗೆಳೆದುಕೊಂಡಿದ್ದಳು. ಹೊರಗೆ ಹಾರ್ನ್ ಒಂದು ಸಲ, ಇನ್ನೊಂದು ಸಲ, ಆಮೇಲೆ ಉದ್ದಕ್ಕೆ. ಟ್ಯಾಕ್ಸಿ ಹೋದ ಸದ್ದು ಕೇಳಿದ ಮೇಲೂ ಅವನು ರೆಪ್ಪೆ ಕದಲಿಸಿರಲಿಲ್ಲ. ಇದನ್ನೆಲ್ಲ ಹೇಳಿಬಿಡಬೇಕೆನ್ನಿಸಿತು. ಬಾಯಿ ತೆರೆದ.

"ಅಮ್ಮಾ," ಎಂದು ಹೊಟ್ಟೆ ಹಿಡಿದುಕೊಂಡ. "ಬಂತು ಕಣೇ. ಈಗ ಬಂತು."

"ಎಲ್ಲಿ?"

"ಇಲ್ಲಿ." ಹೊಟ್ಟೆಯ ಬಲಭಾಗ ಒತ್ತಿ ಹಿಡಿದ. ಮೊಣಕಾಲು ಮಡಚಿದ, ಹಲ್ಲು ಕಚ್ಚಿದ, ನರಳಿದ. ನರಳಿಕೆ ಚೆನ್ನಾಗಿಯೇ ಬಂತು.

ಅವಳು ನಿಂತಲ್ಲೇ ನಿಂತು ನೋಡಿದಳು. ಮಾತು ಬಾರದ ಮಗು ತುಟಿ ಅಲ್ಲಾಡಿಸುವುದನ್ನು ಹೀಗೇ ನೋಡುತ್ತಿದ್ದಳೇನೋ. ಆಮೇಲೆ ಹತ್ತಿರ ಬಂದು ನೀರಿನ ಚೀಲ ಎತ್ತಿ ಅವನ ಎಡಭಾಗಕ್ಕೆ ಇಟ್ಟಳು.

"ನಿಮಗೆ ನೋವು ಬರ್ತಿದ್ದದ್ದು ಇಲ್ಲಿ," ಎಂದಳು.

ಚೀಲ ತಣ್ಣಗಾಗಿತ್ತು. ಮತ್ತೆ ಬಿಸಿನೀರು ತುಂಬಲು ಅವಳು ಹೋಗಲಿಲ್ಲ.

ಸಂಜೆ ಭಾವಮೈದುನ ಬಾಗಿಲು ತಟ್ಟಿದ. ಕೇಕು ಕತ್ತರಿಸುವ ಹೊತ್ತಾಗಿತ್ತು. ಒಳಗೆ ಬರಲು ಹೆದರಿ ಹೊಸ್ತಿಲಾಚೆಯೇ ನಿಂತು ಪಿಸುಗುಟ್ಟಿದ. "ಭಾವ ಹೇಗಿದ್ದಾರಕ್ಕ?"

ಅವನು ಮಂಚದ ಮೇಲೆ ಗೋಡೆಯ ಕಡೆ ಮುಖಮಾಡಿ ಮಲಗಿದ್ದ. ಈಗ ಹೇಳುತ್ತಾಳೆ ಎಂದುಕೊಂಡ.

"ನೋವು ಶುರುವಾಗಿದೆ," ಎಂದಳು ಅವಳು. "ನಡಿ, ಬಟ್ಟೆ ಬದಲಾಯಿಸಿ ಬರ್ತೀನಿ."

"ಅಯ್ಯೋ, ಒಬ್ರನ್ನೇ ಬಿಟ್ಟು ಬರ್ತೀಯಾ?"

"ನಡುನೀರಲ್ಲಿ ಇನ್ನೇನು ಮಾಡಕ್ಕಾಗುತ್ತೆ, ಹೇಳು."

ತಮ್ಮ ಹೋದ. ಗೋಡೆಗೆ ಮುಖಮಾಡಿದ್ದವನ ಬೆನ್ನ ಹಿಂದೆ ಮಂಚದ ಕೆಳಗಿನಿಂದ ಸೂಟ್‌ಕೇಸು ಎಳೆದ ಸದ್ದಾಯಿತು. ಚಿಲಕ ತೆರೆಯಿತು. ಅವಳು ಹೊಸ ಬಟ್ಟೆ ತೆಗೆದುಕೊಂಡಳು. ಆದರೆ ಅಷ್ಟಕ್ಕೇ ಮುಗಿಯಲಿಲ್ಲ. ಕಪಾಟಿನಲ್ಲಿದ್ದ ಅವಳ ಬಟ್ಟೆಗಳು ಒಂದೊಂದಾಗಿ ಕೆಳಗಿಳಿದವು. ಬಾಚಣಿಗೆ, ಚಪ್ಪಲಿ, ಓದುವ ಕನ್ನಡಕ. ಮಡಿಸುವುದರಲ್ಲಿ ಯಾವ ಅವಸರವೂ ಇರಲಿಲ್ಲ. ಚಿಲಕ ಮುಚ್ಚಿತು. ಗಾಲಿಗಳು ನೆಲದ ಮೇಲೆ ಉರುಳಿದವು.

ಅವನು ತಿರುಗಿ ನೋಡಿದ. ಸೂಟ್‌ಕೇಸು ಬಾಗಿಲ ಹತ್ತಿರ ನೆಟ್ಟಗೆ ನಿಂತಿತ್ತು. ಅವಳು ತುಟಿಗೆ ಬಣ್ಣ ಹಚ್ಚುತ್ತಿದ್ದಳು.

"ಎಲ್ಲಿಗೆ?"

"ಕೇಕು ಕತ್ತರಿಸಕ್ಕೆ."

"ಅಲ್ಲ, ಅದು..."

"ಅದು ಅಲ್ಲೇ ಇರಲಿ." ಕೈಚೀಲ ತೆಗೆದುಕೊಂಡಳು. "ನರಳೋದಿದ್ರೆ ನರಳಿ. ಪಕ್ಕದ ಕ್ಯಾಬಿನ್ನಲ್ಲಿ ಯಾರೂ ಇಲ್ಲ."

ಬಾಗಿಲು ಸದ್ದಿಲ್ಲದೆ ಮುಚ್ಚಿಕೊಂಡಿತು.

ಅವನು ನರಳಲಿಲ್ಲ. ಕೇಳುವವರಿಲ್ಲದ ಮೇಲೆ ನರಳುವುದು ನಾಚಿಕೆಗೇಡು. ಕಾಲು ಚಾಚಿ ಅಂಗಾತ ಮಲಗಿದ. ಮೇಲೆಲ್ಲೋ ಚಪ್ಪಾಳೆ ತಟ್ಟಿದರು. ಅವಳು ನಗುತ್ತಿರಬಹುದು. ಯಾರಾದರೂ ಕೇಳಿದರೆ ಗಂಡನಿಗೆ ಹುಷಾರಿಲ್ಲ ಎನ್ನುತ್ತಿರಬಹುದು, ಕೇಳಿದವರು ಪಾಪ ಎನ್ನುತ್ತಿರಬಹುದು. ಹೊಟ್ಟೆ ಮಾತ್ರ ನಾಚಿಕೆಬಿಟ್ಟು ಗುರುಗುಟ್ಟುತ್ತಿತ್ತು.

ಬಾಗಿಲು ತಟ್ಟಿ ಬಡಿಸುವವನು ಒಳಗೆ ಬಂದ. ಸೂಟ್‌ಕೇಸನ್ನು ಬಳಸಿಕೊಂಡು ಮೇಜಿನ ಮೇಲೆ ತಟ್ಟೆಯಿಟ್ಟ. ಮೇಲಿನ ಮುಚ್ಚಳ ತೆಗೆದ. ಕೇಕಿನ ಒಂದು ತುಂಡು. ಅದರ ನೆತ್ತಿಯಲ್ಲಿ, ಮರದ ಬಿಲ್ಲೆಯಿಂದ ಕಿತ್ತ ಆ ಹಳದಿ ಬಾವುಟ.

"ಮೇಡಂ ಕಳಿಸಿದ್ದಾರೆ ಸಾರ್. ಬಾವುಟ ಅವರೇ ಚುಚ್ಚಿದ್ರು. ಬೆಳಿಗ್ಗೆ ಆಗಿದ್ದಕ್ಕೆ ದಯವಿಟ್ಟು..."

"ಪರವಾಗಿಲ್ಲ, ಹೋಗಿ."

ಬಾವುಟ ಇರುವ ತಟ್ಟೆ. ತಿನ್ನಬಹುದು. ಅವನು ಬಾವುಟ ಕಿತ್ತು ಪಕ್ಕಕ್ಕಿಟ್ಟು ಒಂದು ಚೂರು ಬಾಯಿಗೆ ಹಾಕಿಕೊಂಡ. ಪುಡಿಯಾಗಲಿಲ್ಲ. ಅಂಗುಳಿಗೆ ಅಂಟಲಿಲ್ಲ. ಮೆತ್ತಗೆ ಕರಗಿ ಗಂಟಲಿಳಿಯಿತು. ಇದು ಇಷ್ಟು ರುಚಿಯಾಗಿರಬಾರದು.

ಅವಳಿಗೆ ತಪ್ಪಾಗುವುದಿಲ್ಲ. ಒಂಬತ್ತು ವರ್ಷದಲ್ಲಿ ಒಂದು ಸೌಟು ಕೂಡ ಅವಳ ಕೈಯಲ್ಲಿ ತಪ್ಪಿರಲಿಲ್ಲ.

ಅವನು ಇನ್ನೊಂದು ಚೂರು ತೆಗೆದುಕೊಂಡ. ಮತ್ತೊಂದು. ಹಸಿದವನಂತೆ, ಗಬಗಬನೆ, ತಟ್ಟೆಗೆ ಅಂಟಿದ್ದನ್ನೂ ಬಿಡದೆ ಮುಗಿಸಿದ. ತಿನ್ನುವಾಗ ಕಣ್ಣಲ್ಲಿ ನೀರು ಬಂತು. ದೀಪ ಹಾಕಲು ಎದ್ದವನಿಗೆ ಹೊಟ್ಟೆಯ ಎಡಭಾಗದಲ್ಲಿ, ಒಳಗೆ ಆಳದಲ್ಲಿ, ಯಾರೋ ಬೆರಳು ಹಾಕಿ ತಿರುವಿದಂತಾಯಿತು. ಮೇಜಿನ ಅಂಚು ಹಿಡಿದ. ಇನ್ನೊಮ್ಮೆ ತಿರುವಿತು. ಈ ಸಲ ಉಸಿರು ನಿಂತಿತು. ಅವನು ಮಂಚಕ್ಕೆ ಕುಸಿದ. ಬೆವರು ಬಂತು, ಹಿಂದೆಯೇ ಚಳಿ ಬಂತು, ಅವಳು ಹೇಳಿದ ಹಾಗೆಯೇ.

ಇದು ಬೆಳಗಿನ ಬನ್ನಿನದೋ, ಈಗಿನ ಕೇಕಿನದೋ, ಬಾಗಿಲಲ್ಲಿ ನಿಂತ ಸೂಟ್‌ಕೇಸಿನದೋ ಅವನಿಗೆ ತಿಳಿಯಲಿಲ್ಲ. ತಿಳಿದು ಯಾರಿಗೆ ಹೇಳುವುದು? ಕರೆಗಂಟೆ ಕೈಗೆಟುಕುವಷ್ಟು ಹತ್ತಿರವೇ ಇತ್ತು. ಗಂಟೆ ಒತ್ತಿದರೆ ಬರುವವನು ಬಡಿಸುವವನು.

ಕಣ್ಣು ಮುಚ್ಚಿಕೊಂಡ. ದೂರದಲ್ಲಿ ಯಾವುದೋ ಹಡಗಿನ ಹಾರ್ನು ಕೂಗಿತು, ಒಂದು ಸಲ, ಆಮೇಲೆ ಉದ್ದಕ್ಕೆ.

ಬಾಗಿಲು ತಟ್ಟಿದ ಸದ್ದಾಯಿತು.

"ಬಂದ್ಯಾ?" ಎಂದ ಅವನು. "ನೋಡು, ಈಗ ನಿಜವಾಗ್ಲೂ..."

ಯಾರೂ ಬರಲಿಲ್ಲ. ಕಣ್ಣು ತೆರೆದ. ಹಡಗು ಸುತ್ತು ತಿರುಗುತ್ತಿತ್ತು. ನೆಲ ಓರೆಯಾದಾಗ ಸೂಟ್‌ಕೇಸು ತನ್ನಷ್ಟಕ್ಕೆ ಹೊರಟು ಬಾಗಿಲಿಗೆ ತಟ್ಟುತ್ತಿತ್ತು. ನೆಲ ಸಮವಾಗಿ ಈಚೆಗೆ ವಾಲಿದಾಗ ಗಾಲಿಗಳ ಮೇಲೆ ಮೆಲ್ಲಗೆ ಉರುಳುತ್ತ ಅವನ ಮಂಚದವರೆಗೆ ಬಂದು ನಿಲ್ಲುತ್ತಿತ್ತು. ಸ್ವಲ್ಪ ಹೊತ್ತು ಹಾಗೇ ನಿಂತು, ಮತ್ತೆ ಬಾಗಿಲ ಕಡೆಗೆ ಹೊರಟಿತು.